ಉಪ್ಪು ಬೆವರಿನ ಮಗು: ಸಿಸ್ಟಿಕ್ ಫೈಬ್ರೋಸಿಸ್ ಇರುವ ಮನೆಯವರು ತಿಳಿದಿರಬೇಕಾದದ್ದು



“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ” ಎಂಬುದು ನಾವೆಲ್ಲರೂ ಬಲ್ಲ ಗಾದೆ. ಉಪ್ಪಿನ ರುಚಿಯಿಂದ ತಾಯಿಯೇ ಮೊದಲು ಕಂಡುಹಿಡಿಯಬಹುದಾದ ಕಾಯಿಲೆಯೊಂದಿದೆ. ಈ ಸಲ ಅದರ ಬಗ್ಗೆ ತಿಳಿದುಕೊಳ್ಳೋಣ.

ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ, ಮನೆ ಭೇಟಿಯ ವೇಳೆ ತಾಯಿಯೊಬ್ಬರು, “ಫಾದರ್, ಈ ಮಗುವಿನ ಹಣೆಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ” ಎಂದರು. ಮನೆಯವರೆಲ್ಲ ನಕ್ಕರು; ನಾನೂ ನಕ್ಕೆ. ಮಗುವಿಗೆ ಹುಟ್ಟಿದಂದಿನಿಂದ ಕೆಮ್ಮು. ಎಷ್ಟು ಉಣಿಸಿದರೂ ಮೈ ಹಿಡಿಯುತ್ತಿರಲಿಲ್ಲ. ಒಮ್ಮೆ ದಮ್ಮು ಎಂದರು, ಇನ್ನೊಮ್ಮೆ ಕ್ಷಯ ಎಂದರು, ನಡುವೆ ದೃಷ್ಟಿ ತೆಗೆಸಿದ್ದೂ ಆಯಿತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ನಿಜವಾದ ಹೆಸರು ತಿಳಿಯುವಾಗ ಮಗುವಿಗೆ ಐದು ವರ್ಷ ದಾಟಿತ್ತು. ತಾಯಿಯ ಮಾತಿನಲ್ಲೇ ರೋಗದ ಗುರುತಿತ್ತು. ಕಿವಿಗೊಡುವವರು ಇರಲಿಲ್ಲ, ಅಷ್ಟೆ.

ಏನಿದು ಕಾಯಿಲೆ?

ನಮ್ಮ ದೇಹದ ಜೀವಕೋಶಗಳಲ್ಲಿ ಉಪ್ಪಿನಂಶ ಒಳಗೆ ಹೊರಗೆ ಹೋಗಲು ಸಣ್ಣ ಬಾಗಿಲುಗಳಿವೆ. ಈ ಕಾಯಿಲೆಯಲ್ಲಿ ಆ ಬಾಗಿಲು ಸರಿಯಾಗಿ ಕೆಲಸ ಮಾಡುವುದಿಲ್ಲ. ಇದರಿಂದ ಎರಡು ತೊಂದರೆಗಳು. ಮೊದಲನೆಯದು, ಬೆವರಿನಲ್ಲಿ ವಿಪರೀತ ಉಪ್ಪು ಹೊರಗೆ ಹೋಗುತ್ತದೆ. ಎರಡನೆಯದು, ನೀರಾಗಿರಬೇಕಾದ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲಿ ಈ ಲೋಳೆ ನಿಂತರೆ ಅಲ್ಲಿ ರೋಗಾಣುಗಳು ಬೀಡುಬಿಡುತ್ತವೆ. ಮೇದೋಜೀರಕಾಂಗದ ನಾಳದಲ್ಲಿ ನಿಂತರೆ ಜೀರ್ಣರಸ ಕರುಳಿಗೆ ತಲಪುವುದಿಲ್ಲ. ತಿಂದ ಜಿಡ್ಡು ಜೀರ್ಣವಾಗದೆ ಮಲದಲ್ಲಿ ಹೋಗುತ್ತದೆ.

1938ರಲ್ಲಿ ನ್ಯೂಯಾರ್ಕಿನ ಡಾ. ಡೊರೋಥಿ ಆಂಡರ್ಸನ್ ಎಂಬ ವೈದ್ಯೆ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದರು. 1948ರಲ್ಲಿ ಆ ನಗರದಲ್ಲಿ ಬಿಸಿಲಿನ ಝಳ ಹೆಚ್ಚಾದಾಗ ಈ ಕಾಯಿಲೆಯ ಮಕ್ಕಳೇ ಹೆಚ್ಚಾಗಿ ಬಳಲಿ ಆಸ್ಪತ್ರೆ ಸೇರಿದರು. ಅದರ ಬೆನ್ನು ಹಿಡಿದ ಡಾ. ಪಾಲ್ ದಿ ಸಾಂಟ್ ಆಗ್ನೀಸ್ ಮತ್ತು ಸಂಗಡಿಗರು, ಬೆವರಿನಲ್ಲಿ ಉಪ್ಪು ಹೆಚ್ಚಿರುವುದನ್ನು 1953ರಲ್ಲಿ ಪ್ರಕಟಿಸಿದರು. ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ಭಾರತದಲ್ಲಿ 1968ರಲ್ಲೇ ಇದು ವರದಿಯಾಗಿದೆ. ಅಪರೂಪ ನಿಜ, ಇಲ್ಲವೆಂದಲ್ಲ.

ತಪ್ಪು ಯಾರದು?

ಯಾರದೂ ಅಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ವಂಶವಾಹಿಗಳು ಸೇರಿದರೆ ಮಾತ್ರ ಕಾಯಿಲೆ ಬರುತ್ತದೆ. ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ. ಅವರಿಗೆ ಅದರ ಸುಳಿವೂ ಇರುವುದಿಲ್ಲ. ಹೈಬ್ರಿಡ್ ತೆಂಗಿನ ಮರದ ಕಾಯಿಯನ್ನೇ ಸಸಿಗಿಟ್ಟರೆ ತಾಯಿಮರದಲ್ಲಿ ಕಾಣದ ಗುಣಗಳು ಸಸಿಗಳಲ್ಲಿ ಹೊರಬರುವುದನ್ನು ನೀವು ನೋಡಿದ್ದೀರಿ. ಇದೂ ಹಾಗೆಯೇ. ಇಬ್ಬರಲ್ಲೂ ಒಂದೊಂದು ಇದ್ದರೆ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬಾರದು ಎಂದು ಲೆಕ್ಕ ಹಾಕಬಾರದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಸಂಭವ ಹೆಚ್ಚು. ಸಂಬಂಧವೇ ಇಲ್ಲದವರಲ್ಲಿಯೂ ಬರಬಹುದು. ಆದ್ದರಿಂದ ಸೊಸೆಯನ್ನು ದೂರುವ ಮನೆಯವರು ನೆನಪಿಡಬೇಕು: ಇದರಲ್ಲಿ ಮಗನ ಪಾಲು ಸರಿಯರ್ಧ.

ಗುರುತಿಸುವುದು ಹೇಗೆ?

ಹುಟ್ಟಿದ ಕೂಸು ಮೊದಲ ಎರಡು ದಿನ ಮಲವಿಸರ್ಜನೆ ಮಾಡದಿರುವುದು. ಬಿಡದ ಕೆಮ್ಮು, ಪದೇ ಪದೇ ನ್ಯುಮೋನಿಯಾ. ಹಸಿವು ಚೆನ್ನಾಗಿದ್ದರೂ ತೂಕ ಏರದಿರುವುದು. ಜಿಡ್ಡಾದ, ದುರ್ವಾಸನೆಯ, ನೀರಲ್ಲಿ ತೇಲುವ ಮಲ. ಒಣಗಿದ ಬೆವರು ಚರ್ಮದ ಮೇಲೆ ಬಿಳಿ ಪುಡಿಯಂತೆ ಕಾಣುವುದು. ಬೆರಳ ತುದಿ ದಪ್ಪವಾಗುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಮಕ್ಕಳ ತಜ್ಞರಲ್ಲಿ “ಬೆವರು ಪರೀಕ್ಷೆ ಬೇಕೇ?” ಎಂದು ನೀವೇ ಕೇಳಿರಿ. ನೋವಿಲ್ಲದ ಪರೀಕ್ಷೆಯಿದು. ಬೆವರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಈ ಕಾಯಿಲೆಯೆಂದು ತಿಳಿಯುತ್ತಾರೆ. ವಂಶವಾಹಿ ಪರೀಕ್ಷೆಯಿಂದ ದೃಢಪಡಿಸುತ್ತಾರೆ. ಆದರೆ ಇದನ್ನು ಓದಿ ಯಾರೂ ಕ್ಷಯದ ಮದ್ದನ್ನು ತಾವಾಗಿ ನಿಲ್ಲಿಸಬಾರದು. ಸಂಶಯವಿದ್ದರೆ ವೈದ್ಯರನ್ನು ಕೇಳುವುದೇ ದಾರಿ.

ಸೆಕೆಗಾಲದ ಎಚ್ಚರ

ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳ ಸೆಕೆ ಈ ಮಕ್ಕಳಿಗೆ ಅಪಾಯಕಾರಿ. ಬೆವರಿನೊಂದಿಗೆ ಉಪ್ಪು ಸೋರಿಹೋಗಿ ಮಗು ಮಂಕಾಗುತ್ತದೆ, ವಾಂತಿ ಮಾಡುತ್ತದೆ, ಸ್ನಾಯುಗಳು ಸೆಳೆಯುತ್ತವೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ತಡೆಯುವ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ಉಪ್ಪು ಹಾಕಿದ ಗಂಜಿ, ಉಪ್ಪಿನಕಾಯಿ, ಮಜ್ಜಿಗೆ. ಅಜ್ಜನಿಗೆ ರಕ್ತದೊತ್ತಡವೆಂದು ಮನೆಯ ಅಡುಗೆಗೆ ಉಪ್ಪು ಕಡಿಮೆ ಮಾಡಿದ್ದರೆ ಮಗುವಿನ ಬಟ್ಟಲಿಗೆ ಬೇರೆ ಹಾಕಿರಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಈ ಮಗುವಿಗೆ ಬೇಕಾದಷ್ಟು ಉಪ್ಪಿಲ್ಲ. ಚಿಟಿಕೆ ಉಪ್ಪು ಬೆರೆಸಿರಿ. ಎದೆಹಾಲು ಕುಡಿಯುವ ಕೂಸಿಗೂ ಹೆಚ್ಚಿನ ಉಪ್ಪು ಬೇಕಾಗುತ್ತದೆ. ಅದರ ಅಳತೆಯನ್ನು ವೈದ್ಯರೇ ಹೇಳಬೇಕು.

ಊಟ

ಈ ಮಗುವಿಗೆ ಪಥ್ಯ ಬೇಡ. ತುಪ್ಪ, ತೆಂಗಿನಕಾಯಿ, ಮೊಟ್ಟೆ, ಮೀನು, ನೆಲಗಡಲೆ, ಬಾಳೆಹಣ್ಣು ಧಾರಾಳವಾಗಿ ಬೇಕು. “ಮಲ ಜಿಡ್ಡಾಗಿದೆ” ಎಂದು ಎಣ್ಣೆ, ತುಪ್ಪ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಅದರ ಬದಲು ಜಿಡ್ಡಿರುವ ಪ್ರತಿ ಆಹಾರದ ಜೊತೆಗೆ, ವೈದ್ಯರು ಬರೆದುಕೊಟ್ಟ ಕಿಣ್ವದ ಗುಳಿಗೆ ಕೊಡಬೇಕು. ಹಂದಿಯ ಮೇದೋಜೀರಕಾಂಗದಿಂದ ತಯಾರಿಸುವ ಈ ಗುಳಿಗೆ ಆ ಅಂಗ ಮಾಡಬೇಕಾದ ಕೆಲಸ ಮಾಡುತ್ತದೆ. ನುಂಗಲಾರದ ಮಗುವಿಗೆ ಗುಳಿಗೆ ಬಿಡಿಸಿ, ಒಳಗಿನ ಕಾಳುಗಳನ್ನು ಹುಳಿಯಂಶವಿರುವ ಹಣ್ಣಿನ ತಿರುಳಿನ ಒಂದು ಚಮಚದಲ್ಲಿ ಕೊಡಿರಿ. ಕಾಳುಗಳನ್ನು ಅರೆಯಬಾರದು, ಬಿಸಿ ಗಂಜಿಯಲ್ಲಿ ಬೆರೆಸಬಾರದು, ಗುಣ ಹೋಗುತ್ತದೆ. ಎ, ಡಿ, ಇ, ಕೆ ಜೀವಸತ್ವಗಳನ್ನೂ ಬೇರೆಯಾಗಿ ಕೊಡಬೇಕಾಗುತ್ತದೆ. ತಪಸ್ಸುಕಾಲದ ಉಪವಾಸ ಇಂಥ ರೋಗಿಗಳಿಗಿಲ್ಲ. ದೊಡ್ಡವರಾದ ಮೇಲೂ ಇಲ್ಲ.

ಎದೆ ಹಗುರ ಮಾಡುವುದು

ದಿನಕ್ಕೆ ಎರಡು ಸಲ ಕಫ ಹೊರತೆಗೆಯುವ ವ್ಯಾಯಾಮ ಬೇಕು. ಅಂಗೈಯನ್ನು ಬಟ್ಟಲಿನಂತೆ ಮಾಡಿ ಬೆನ್ನು, ಪಕ್ಕೆ ತಟ್ಟುವುದು, ಬಾಯಿ ತೆರೆದು ಬಲವಾಗಿ ಉಸಿರು ಬಿಡಿಸುವುದು ಮೊದಲಾದವನ್ನು ಫಿಸಿಯೋಥೆರಪಿ ತಜ್ಞರು ಕಲಿಸಿಕೊಡುತ್ತಾರೆ. ಹೊಟ್ಟೆ ಖಾಲಿಯಿರುವಾಗ ಮಾಡಬೇಕು. ಮೊದಲು ಹೇಳಿದ ಮನೆಯಲ್ಲಿ ಸಂಜೆಯ ಜಪಸರ ಮುಗಿದು ಊಟಕ್ಕೆ ಕೂರುವ ಮುಂಚೆ ಅಜ್ಜನೇ ಮೊಮ್ಮಗನ ಬೆನ್ನು ತಟ್ಟುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ತಾಯಿಯೊಬ್ಬಳ ಮೇಲೆಯೇ ಈ ಕೆಲಸ ಬೀಳಬಾರದು. ಓಟ, ಆಟಗಳೂ ಒಳ್ಳೆಯವೇ. ನೆಬುಲೈಸರಿನ ಬಟ್ಟಲನ್ನು ಪ್ರತಿ ಸಲ ಸಾಬೂನಿನಲ್ಲಿ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ನೀರಲ್ಲಿ ಕುದಿಸಿ, ಪೂರ್ತಿ ಒಣಗಿಸಬೇಕು. ತೇವದಲ್ಲಿ ರೋಗಾಣುಗಳು ಬೆಳೆಯುತ್ತವೆ.

ಹಟ್ಟಿ, ಅಂಗಳ, ಗದ್ದೆ

ಕೃಷಿಕರಾದ ನಾವು ಹೆಚ್ಚು ಗಮನಿಸಬೇಕಾದದ್ದು ಇಲ್ಲಿ. ಬೂಷ್ಟು ಹಿಡಿದ ಹುಲ್ಲು, ಒಣ ತರಗೆಲೆ, ಗೊಬ್ಬರದ ಗುಂಡಿ, ಹಳೆಯ ಅಡಿಕೆಯ ಸಿಪ್ಪೆ ಇವುಗಳಿಂದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಸೂಕ್ಷ್ಮ ಕಣಗಳು ಏಳುತ್ತವೆ. ನಮ್ಮ ಶ್ವಾಸಕೋಶ ಅವನ್ನು ಹೊರಹಾಕುತ್ತದೆ. ಈ ಮಗುವಿನ ಶ್ವಾಸಕೋಶದಲ್ಲಿ ಅವು ಅಂಟಿ ನಿಲ್ಲುತ್ತವೆ. ಅಡಿಕೆ ಸುಲಿಯುವಾಗ, ಹುಲ್ಲು ಇಳಿಸುವಾಗ, ಗೊಬ್ಬರ ತೆಗೆಯುವಾಗ ಮಗು ಅಲ್ಲಿರಬಾರದು. ಬೀಡಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಒಲೆಯ ಹೊಗೆ, ಅಪ್ಪನ ಬೀಡಿ ಇವೂ ದೂರವಿರಲಿ.

ನಿಂತ ನೀರಿನಲ್ಲಿ ಸ್ಯೂಡೊಮೊನಾಸ್ ಎಂಬ ರೋಗಾಣು ಇರುತ್ತದೆ. ಒಮ್ಮೆ ಎದೆಯಲ್ಲಿ ನೆಲೆಯೂರಿದರೆ ಓಡಿಸುವುದು ಕಷ್ಟ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣಿಸುವ ಮೆಲಿಯೊಯಿಡೋಸಿಸ್ ರೋಗದ ಜೀವಾಣು ಕೆಸರು ಮಣ್ಣಿನಲ್ಲೇ ಇರುತ್ತದೆ. ಈ ಕಾಯಿಲೆಯವರಿಗೆ ಅದರ ಅಪಾಯವೂ ಹೆಚ್ಚು. ಆದ್ದರಿಂದ ಕೆಸರುಗದ್ದೆಯ ಆಟ, ಕೆರೆಯ ಸ್ನಾನ ಬೇಡ. ಬಾವಿಯ ನೀರಾಗಲಿ ಸುರಂಗದ ನೀರಾಗಲಿ ಕುದಿಸಿಯೇ ಕುಡಿಸಿರಿ. ಹಾಗೆಂದು ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದೂ ತಪ್ಪು. ಮಳೆ ನಿಂತು ನೆಲ ಒಣಗಿದ ಮೇಲೆ ತೋಟದಲ್ಲಿ ಓಡಾಡಲಿ, ಶಾಲೆಗೆ ಹೋಗಲಿ.

ಮದ್ದು, ಖರ್ಚು, ಗಡಿ

2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರೈಕಾಫ್ಟಾ ಎಂಬ ಮಾತ್ರೆ ಆ ಬಾಗಿಲನ್ನೇ ತಕ್ಕಮಟ್ಟಿಗೆ ಸರಿಪಡಿಸುತ್ತದೆ. ಎಲ್ಲ ಬಗೆಯ ವಂಶವಾಹಿ ದೋಷಗಳಿಗೆ ಅದು ಹೊಂದುವುದಿಲ್ಲ. ಬೆಲೆಯಂತೂ ನಮ್ಮ ಕೈಗೆಟಕುವಂಥದ್ದಲ್ಲ. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಸೇರಿದೆ. ಈ ನೀತಿಯಡಿ ನೆರವು ಸಿಗುವುದು ಗೊತ್ತುಪಡಿಸಿದ ಕೇಂದ್ರಗಳ ಮೂಲಕ. ಕೇರಳದಲ್ಲಿ ತಿರುವನಂತಪುರದ ಎಸ್.ಎ.ಟಿ. ಆಸ್ಪತ್ರೆ, ಕರ್ನಾಟಕದಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಂಥ ಕೇಂದ್ರಗಳು. ಯಾವ ರೋಗಿಗೆ ಯಾವ ಮದ್ದಿಗೆ ನೆರವು ಎಂಬುದನ್ನು ಅಲ್ಲಿಯವರೇ ತೀರ್ಮಾನಿಸುತ್ತಾರೆ. ಹೆಸರು ನೋಂದಾಯಿಸುವುದು ಮೊದಲ ಹೆಜ್ಜೆ.

ವರ್ಕಾಡಿಯವರಾದ ನಮಗೆ ಇನ್ನೊಂದು ಪಾಠವಿದೆ. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ತಾಲೂಕಿನವರು ಪಟ್ಟ ಪಾಡು ಮರೆಯುವಂಥದ್ದಲ್ಲ. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆದ್ದರಿಂದ ಒಂದು ತಿಂಗಳ ಮದ್ದು ಯಾವಾಗಲೂ ಮನೆಯಲ್ಲಿರಲಿ. ವೈದ್ಯರ ಚೀಟಿಗಳ ಪ್ರತಿಗಳು ಒಂದೇ ಚೀಲದಲ್ಲಿರಲಿ. ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು ತಪ್ಪದಿರಲಿ.

ನೆರೆಹೊರೆಯವರಿಗೊಂದು ಮಾತು

ಇದು ಅಂಟುರೋಗವಲ್ಲ. ಇದೇ ಕಾಯಿಲೆಯ ಇಬ್ಬರು ಮಾತ್ರ ಒಬ್ಬರಿಂದೊಬ್ಬರು ಎರಡು ಮೀಟರ್ ದೂರವಿರಬೇಕು, ಏಕೆಂದರೆ ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಅಪಾಯ. ಉಳಿದ ನಮಗೆ ಏನೂ ಆಗದು. ನಮ್ಮ ಶೀತ, ಜ್ವರವೇ ಅವರಿಗೆ ಅಪಾಯ. ಪೂಜೆಯ ವೇಳೆ ಆ ಮಗು ಕೆಮ್ಮಿದರೆ ತಿರುಗಿ ನೋಡಬೇಡಿರಿ. ಆ ಕೆಮ್ಮು ಅದರ ಎದೆಯನ್ನು ತೆರವು ಮಾಡುತ್ತಿದೆ. ಇಗರ್ಜಿಗೆ ಬರುವುದನ್ನೇ ನಿಲ್ಲಿಸಿದ ತಾಯಂದಿರಿದ್ದಾರೆ. ಕಾಯಿಲೆಗಿಂತ ಆ ನೋಟಕ್ಕೆ ಹೆದರಿ.

ಒಂದು ಕಾಲದಲ್ಲಿ ಈ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ತೀರಿಕೊಳ್ಳುತ್ತಿದ್ದರು. ಇಂದು ಬೇಗ ಗುರುತಿಸಿ, ದಿನದಿನದ ಆರೈಕೆ ತಪ್ಪದೆ ಮಾಡಿದಲ್ಲಿ ಅವರು ಓದಿ, ದುಡಿದು, ಮದುವೆಯಾಗಿ ಬಾಳುತ್ತಾರೆ. ನಮ್ಮ ವಾಳೆಗಳಲ್ಲಿ ಯಾವ ತಾಯಿಯಾದರೂ ಮಗುವಿನ ಬೆವರು ಉಪ್ಪೆಂದು ಹೇಳಿದರೆ ನಗಬೇಡಿರಿ. ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಲು ನೆರವಾಗಿರಿ.