ಪೊಟ್ಟಣದ ಮೇಲಿನ ದಿನಾಂಕ: ಪ್ರಯೋಗಾಲಯದ ದಿನಚರಿಯ ಒಂದು ನೋಟ

ಸಂಶೋಧನಾ ಸಂಸ್ಥೆಗಳ ಬಗ್ಗೆ ಆಹಾರ ತಯಾರಿಕೆಯ ಸಣ್ಣ ಉದ್ಯಮಿಗಳ ದೂರು ಸಾಮಾನ್ಯವಾಗಿ ಒಂದೇ: ವಿಳಂಬ. ಚಟ್ನಿಪುಡಿ ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ ಎಂಬ ಸರಳ ಪ್ರಶ್ನೆಗೂ ಉತ್ತರ ದೊರೆಯಲು ತಿಂಗಳುಗಳೇ ಬೇಕು. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ಪೊಟ್ಟಣದೊಳಗಿನ ಆಹಾರಕ್ಕೆ ತಯಾರಕರೇ ಹೊಣೆಗಾರರು. ಊಹೆಯಿಂದ ಮುದ್ರಿಸಿದ ದಿನಾಂಕವು ಸರಕು ಹಿಂದಿರುಗಲು, ಕೆಲವೊಮ್ಮೆ ಗ್ರಾಹಕರ ಅನಾರೋಗ್ಯಕ್ಕೂ ಕಾರಣವಾಗಬಹುದು. ಆದ್ದರಿಂದ ಈ ವಿಳಂಬದ ಹಿಂದಿನ ದುಡಿಮೆಯನ್ನು ತಿಳಿಯುವುದು ಉದ್ಯಮಿಗಳಿಗೇ ಲಾಭದಾಯಕ.

ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದ ಸಂಸ್ಥೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಅಧಿಕ, ಅದರ ಗರಣೆಯೂ ಗಟ್ಟಿ; ಶಿಶುಗಳಿಗೆ ಅದು ಸುಲಭವಾಗಿ ಜೀರ್ಣವಾಗದು. ಅದೇ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ಇಲ್ಲಿನ ವಿಜ್ಞಾನಿಗಳು ರೂಪಿಸಿದರು. ಮುಂದೆ ಅದು ಅಮುಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಇಂತಹ ಸಾಧನೆಗಳು ಸುದ್ದಿಯಾಗುತ್ತವೆ. ಅವುಗಳ ಹಿಂದಿನ ನಿತ್ಯದ ಕೆಲಸ ಕಣ್ಣಿಗೆ ಬೀಳುವುದು ಕಡಿಮೆ.

ತೂಗುವುದು, ಕಾಯುವುದು, ಮತ್ತೆ ತೂಗುವುದು

ಆಹಾರ ಪ್ರಯೋಗಾಲಯದ ಬೆಳಗು ಬಹುಮಟ್ಟಿಗೆ ತಕ್ಕಡಿಯ ಮುಂದೆ ಆರಂಭವಾಗುತ್ತದೆ. ಹಿಟ್ಟಿನ ತೇವಾಂಶ ತಿಳಿಯಲು ಕೆಲವೇ ಗ್ರಾಂ ಮಾದರಿಯನ್ನು ಗ್ರಾಮಿನ ನಾಲ್ಕನೆಯ ದಶಮಾಂಶದವರೆಗೆ ತೂಗಿ, ಬಿಸಿ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಆರಿಸಿ, ಪುನಃ ತೂಗುತ್ತಾರೆ. ತೂಕ ಸ್ಥಿರವಾಗುವವರೆಗೆ ಇದೇ ಕ್ರಮ. ಬಟ್ಟಲು ಬಿಸಿಯಿರುವಾಗಲೇ ತೂಗಿದರೆ ಗಾಳಿಯ ಚಲನೆಯಿಂದ ತೂಕ ಕಡಿಮೆ ತೋರುತ್ತದೆ. ಆದಕಾರಣ ಆತುರಕ್ಕೆ ಎಡೆಯಿಲ್ಲ. ಮಸಾಲೆ ಪದಾರ್ಥಗಳಿಗೆ ಈ ವಿಧಾನವೂ ಸಲ್ಲದು. ಒಲೆಯ ಶಾಖಕ್ಕೆ ಸುಗಂಧ ತೈಲವೂ ಆವಿಯಾಗಿ ತೇವಾಂಶದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಟಾಲ್ಯೂಯಿನ್ ದ್ರಾವಕದೊಡನೆ ಕುದಿಸಿ, ಬಟ್ಟಿಯಿಳಿದ ನೀರನ್ನಷ್ಟೇ ಅಳೆಯುತ್ತಾರೆ.

ಸೂಕ್ಷ್ಮಜೀವಿ ವಿಭಾಗದಲ್ಲಿ ಕಾಯುವಿಕೆ ಇನ್ನೂ ದೀರ್ಘ. ಗಾಜಿನ ಸಾಮಗ್ರಿಯನ್ನೂ ಪೋಷಕ ಮಾಧ್ಯಮವನ್ನೂ 121 ಡಿಗ್ರಿ ಸೆಲ್ಸಿಯಸ್ ಉಷ್ಣದ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಬೇಕು. ಬಿತ್ತಿದ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಎರಡು ಮೂರು ದಿನ, ಬೂಷ್ಟು ಬೆಳೆಯಲು ಸುಮಾರು ಐದು ದಿನ ಬೇಕು. ಮಾದರಿಯನ್ನೇ ಹಾಕದ ಒಂದು ತಟ್ಟೆಯನ್ನೂ ಜತೆಗಿಟ್ಟಿರುತ್ತಾರೆ. ಅದರಲ್ಲಿಯೂ ಜೀವಿ ಕಾಣಿಸಿದರೆ ಆ ಸರಣಿಯ ಫಲಿತಾಂಶವನ್ನೇ ಕೈಬಿಟ್ಟು ಮೊದಲಿನಿಂದ ಆರಂಭಿಸಬೇಕು.

ಕಾಲವನ್ನು ತ್ವರಿತಗೊಳಿಸುವ ಕೋಣೆ

ಬಾಳಿಕೆಯ ಪರೀಕ್ಷೆಗಾಗಿ ಪೊಟ್ಟಣಗಳನ್ನು 27 ಡಿಗ್ರಿ ಉಷ್ಣತೆ, ಶೇ. 65 ಆರ್ದ್ರತೆಯ ಸಾಮಾನ್ಯ ಸ್ಥಿತಿಯಲ್ಲಿಯೂ, 38 ಡಿಗ್ರಿ, ಶೇ. 90 ಆರ್ದ್ರತೆಯ ಕಠಿಣ ಸ್ಥಿತಿಯಲ್ಲಿಯೂ ಇಡುವ ಪದ್ಧತಿಯಿದೆ. ಎರಡನೆಯದರಲ್ಲಿ ಆಹಾರ ಬೇಗ ಕೆಡುವುದರಿಂದ ಮುನ್ಸೂಚನೆ ದೊರೆಯುತ್ತದೆ. ಗೊತ್ತುಪಡಿಸಿದ ದಿನಗಳಲ್ಲಿ ಪೊಟ್ಟಣ ಬಿಚ್ಚಿ ತೇವಾಂಶ, ಸೂಕ್ಷ್ಮಜೀವಿಗಳ ಸಂಖ್ಯೆ, ಎಣ್ಣೆಯ ಕಮಟನ್ನು ಸೂಚಿಸುವ ಪೆರಾಕ್ಸೈಡ್ ಮೌಲ್ಯ ಇವುಗಳನ್ನು ಅಳೆಯುತ್ತಾರೆ. ಪೆರಾಕ್ಸೈಡ್ ಮೌಲ್ಯವು ಮೊದಲು ಏರಿ, ಎಣ್ಣೆ ಇನ್ನಷ್ಟು ಹಳತಾದಾಗ ಇಳಿಯಲೂಬಹುದು. ಹೀಗಾಗಿ ಒಂದೇ ದಿನದ ಅಂಕಿಯನ್ನು ನಂಬುವಂತಿಲ್ಲ. ಯಂತ್ರಗಳ ಜತೆಗೆ ಮನುಷ್ಯರ ಮೂಗು, ನಾಲಿಗೆಗಳ ತೀರ್ಪೂ ಬೇಕು. ತರಬೇತಿ ಪಡೆದ ರುಚಿ ಪರೀಕ್ಷಕರಿಗೆ ಮೂರಂಕಿಯ ಸಂಕೇತವಿರುವ ಬಟ್ಟಲುಗಳನ್ನಷ್ಟೇ ಕೊಡುತ್ತಾರೆ. ಯಾವುದು ಹೊಸದು, ಯಾವುದು ಹಳೆಯದು ಎಂಬುದು ಅವರಿಗೆ ತಿಳಿಯದು.

ದಿನದ ಕೊನೆಯಲ್ಲಿ ಎಲ್ಲವೂ ದಾಖಲೆಯ ಪುಸ್ತಕ ಸೇರುತ್ತದೆ. ತಪ್ಪಿದ ಅಂಕಿಯನ್ನು ಅಳಿಸುವಂತಿಲ್ಲ; ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಮತ್ತು ದಿನಾಂಕ ಹಾಕಬೇಕು. ವ್ಯಾಪಾರಿಗಳ ಖಾತೆ ಪುಸ್ತಕದ ಶಿಸ್ತಿಗಿಂತ ಇದೇನೂ ಭಿನ್ನವಲ್ಲ.

ಉದ್ಯಮಿಗಳು ಗಮನಿಸಬೇಕಾದುದು

ಪ್ರಯೋಗಾಲಯದ ಉತ್ತರವು ತಾನು ಪರೀಕ್ಷಿಸಿದ ಮಾದರಿಗೆ ಮಾತ್ರ ಸಲ್ಲುತ್ತದೆ. ಪರೀಕ್ಷೆಗೆಂದೇ ಮುತುವರ್ಜಿಯಿಂದ ಹುರಿದು ಗಾಜಿನ ಸೀಸೆಯಲ್ಲಿ ಒಯ್ದ ಪುಡಿಯ ಫಲಿತಾಂಶವು ತೆಳು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುವ ಸರಕಿಗೆ ಅನ್ವಯಿಸದು. ಬೇರೆ ಬೇರೆ ದಿನ ತಯಾರಾದ ಸರಕಿನಿಂದ, ಮಾರಾಟದ ಪೊಟ್ಟಣದಲ್ಲಿಯೇ ಮಾದರಿಗಳನ್ನು ಒಯ್ಯುವುದು ಒಳಿತು. ಪದಾರ್ಥಗಳ ಪ್ರಮಾಣ, ಹುರಿದ ಕ್ರಮ, ಎಣ್ಣೆಯ ಬಗೆ ಇವುಗಳನ್ನು ಮರೆಮಾಚದೆ ತಿಳಿಸಬೇಕು. ಮುಂದೆ ಎಣ್ಣೆಯನ್ನಾಗಲಿ ಪೊಟ್ಟಣದ ಹಾಳೆಯನ್ನಾಗಲಿ ಬದಲಿಸಿದಲ್ಲಿ ಹಳೆಯ ದಿನಾಂಕವನ್ನು ಮುಂದುವರಿಸದೆ ಪುನಃ ಪರೀಕ್ಷೆ ಮಾಡಿಸುವುದು ಅಗತ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಸರಕನ್ನು ಮಾರುಕಟ್ಟೆಗೆ ಬಿಡುವ ವಾರದಲ್ಲಲ್ಲ, ಹೊಸ ತಯಾರಿಕೆಯ ಯೋಜನೆ ಹಾಕುವಾಗಲೇ ಪ್ರಯೋಗಾಲಯವನ್ನು ಸಂಪರ್ಕಿಸಿದರೆ ಈ ತಿಂಗಳುಗಳು ವ್ಯರ್ಥವೆನಿಸುವುದಿಲ್ಲ.