ಪಿಯಾನೋದ ಪುಟ, ಆರ್ಗನ್ನಿನ ಉಸಿರು

ಮದುವೆಯ ಬಲಿಪೂಜೆಯೊಂದರಲ್ಲಿ ಪರಮಪ್ರಸಾದದ ಬಳಿಕ ಷೂಬರ್ಟನ 'ಆವೆ ಮರಿಯ' ಹಾಡಲಾಯಿತು. ಹಾಡಿದವರ ಕಂಠ ಇಂಪಾಗಿತ್ತು. ಕೀಬೋರ್ಡ್ ನುಡಿಸಿದ ಯುವಕ ಪುಸ್ತಕದಲ್ಲಿ ಅಚ್ಚಾಗಿದ್ದ ಒಂದು ಸ್ವರವನ್ನೂ ಬಿಡಲಿಲ್ಲ. ಆದರೂ ಪೀಠದ ಬಳಿಯಿದ್ದ ನಮಗೆ ಹಾಡಿನ ಒಂದು ಪದವೂ ಸ್ಪಷ್ಟವಾಗಿ ಕೇಳಿಸಲಿಲ್ಲ. ಪೂಜೆ ಮುಗಿದ ಮೇಲೆ ಆತ ಬಂದು, "ಫಾದರ್, ಎಲ್ಲವನ್ನೂ ಬರೆದಿರುವಂತೆಯೇ ನುಡಿಸಿದೆನಲ್ಲ, ಮತ್ತೆ ಎಲ್ಲಿ ಕೆಟ್ಟಿತು?" ಎಂದು ಕೇಳಿದ. ಕೆಟ್ಟದ್ದು ಅಲ್ಲಿಯೇ. ಷೂಬರ್ಟ್ 1825ರಲ್ಲಿ ಆ ಪಕ್ಕವಾದ್ಯವನ್ನು ಬರೆದದ್ದು ಪಿಯಾನೋಗೆ. ನಮ್ಮ ಯುವಕ ಒತ್ತಿದ್ದು ಆರ್ಗನ್ ಧ್ವನಿಯ ಗುಂಡಿಯನ್ನು.

ಎರಡಕ್ಕೂ ಕೀಲಿಗಳ ಸಾಲಿರುವುದರಿಂದ ಅವು ಒಂದೇ ಜಾತಿಯವೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಅವುಗಳ ನಡುವಿನ ಅಂತರ ವೀಣೆಗೂ ನಾಗಸ್ವರಕ್ಕೂ ಇರುವಷ್ಟು. ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆರ್ಗನ್ನಿನಲ್ಲಿ ಗಾಳಿ ಕೊಳವೆಯೊಳಗೆ ಹರಿಯುತ್ತದೆ. ಬೆರಳು ಕೀಲಿಯ ಮೇಲಿರುವ ತನಕ ನಾದ ಕುಂದದೆ ನಿಲ್ಲುತ್ತದೆ, ಬೆರಳೆತ್ತಿದೊಡನೆ ಮುಗಿಯುತ್ತದೆ. ಗುರುಮಠದಲ್ಲಿ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ಪಾಠವನ್ನು ಓದಿದಾಗ ನಮಗೆ ಅರ್ಥವಾಗದಿದ್ದ ಒಂದು ಸಂಗತಿ ಈ ಎರಡು ವಾದ್ಯಗಳ ಮುಂದೆ ಅರ್ಥವಾಯಿತು: ದ್ರವ್ಯ ಬದಲಾದಾಗ ರೂಪವನ್ನು ಉಳಿಸಿಕೊಳ್ಳಬೇಕಾದರೆ ವಿವರಗಳನ್ನು ಬದಲಿಸಲೇಬೇಕು.

ಪೋಪ್ ಹತ್ತನೇ ಪಿಯುಸ್ 1903ರಲ್ಲಿ ದೇವಾಲಯದೊಳಗೆ ಪಿಯಾನೋ ಬಳಕೆಯನ್ನೇ ನಿಷೇಧಿಸಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಕೊಳವೆಗಳ ಆರ್ಗನ್ನನ್ನು ವಿಶೇಷವಾಗಿ ಗೌರವಿಸಿ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಪಿಯಾನೋ ಒಳಗೆ ಬಂದರೂ ಬಾರದಿದ್ದರೂ, ಪಿಯಾನೋಗೆ ಬರೆದ ಪುಟಗಳಂತೂ ಗಾಯನವೃಂದಗಳ ಕೈಸೇರಿವೆ.

ಹಾಗಾದರೆ ನುಡಿಸುವವರು ಮಾಡಬೇಕಾದುದೇನು? ಷೂಬರ್ಟನ ಹಾಡನ್ನೇ ನೋಡೋಣ. ಅಲ್ಲಿ ಸ್ವರಮೇಳಗಳು ಒಡೆದು ಆರಾರು ಸ್ವರಗಳ ಗುಂಪುಗಳಾಗಿ ಹರಿಯುತ್ತವೆ. ಪಿಯಾನೋದ ಬಲ ಪೆಡಲನ್ನು ತುಳಿದರೆ ಹಿಂದಿನ ಸ್ವರಗಳು ಕರಗುತ್ತಾ ಮುಂದಿನವುಗಳೊಡನೆ ಬೆರೆಯುತ್ತವೆ. ಅದನ್ನೇ ಆರ್ಗನ್ನಿನಲ್ಲಿ ಬಿಡಿಬಿಡಿಯಾಗಿ ನುಡಿಸಿದರೆ ಹೊಲಿಗೆಯಂತ್ರದ ಸದ್ದಾಗುತ್ತದೆ. ಆದುದರಿಂದ ಮಂದ್ರ ಸ್ವರವನ್ನು ಕಾಲಿನ ಪೆಡಲಿಗೆ ವಹಿಸಿ, ಎಡಗೈಯಿಂದ ಮೃದುವಾದ ಸ್ಟಾಪಿನಲ್ಲಿ ಸ್ವರಮೇಳವನ್ನು ಇಡಿಯಾಗಿ ಹಿಡಿದು, ಆ ಹರಿವನ್ನು ಬಲಗೈಯಲ್ಲಿ ಕೊಳಲಿನಂಥ ಒಂದು ಸ್ಟಾಪಿನಿಂದ ಸೂಚಿಸಿದರೆ ಸಾಕು. ಅರ್ಧದಷ್ಟು ಸ್ವರಗಳು ಬಿಟ್ಟುಹೋಗಬಹುದು. ಹೋಗಲಿ.

ಒಂದೇ ಸ್ವರಮೇಳವನ್ನು ಮತ್ತೆ ಮತ್ತೆ ಬಡಿಯುವ ಕಡೆಗಳಲ್ಲೂ ಹೀಗೆಯೇ: ಕೆಲವು ಸ್ವರಗಳನ್ನು ಹಿಡಿದಿಟ್ಟು ಒಂದೆರಡನ್ನು ಮಾತ್ರ ಪುನರಾವರ್ತಿಸಬೇಕು. ಪಿಯಾನೋಗೆ ತುಂಬುತನ ಕೊಡಲು ಬರೆದ ಜೋಡಿ ಸ್ಥಾಯಿಗಳು ಆರ್ಗನ್ನಿಗೆ ಅನವಶ್ಯಕ. ಹದಿನಾರು ಅಡಿಯ ಸ್ಟಾಪು ಕೆಳಗಿನ ಸ್ಥಾಯಿಯನ್ನೂ ನಾಲ್ಕು ಅಡಿಯದು ಮೇಲಿನದನ್ನೂ ತಾವಾಗಿಯೇ ಕೂಡಿಸುತ್ತವೆ. ವಾದ್ಯವೃಂದದ ಸಂಗೀತವನ್ನು ಪಿಯಾನೋಗೆ ಇಳಿಸಿದವರು ದೀರ್ಘ ಸ್ವರಗಳ ಜಾಗದಲ್ಲಿ ಬೆರಳು ನಡುಗಿಸುವ ಟ್ರೆಮೊಲೋ ಬರೆದಿರುವುದುಂಟು. ಅದು ಪಿಯಾನೋದ ಬಡತನಕ್ಕೆ ಕಂಡುಕೊಂಡ ಉಪಾಯ; ಆರ್ಗನ್ನಿಗೆ ಆ ಬಡತನವಿಲ್ಲ, ಸುಮ್ಮನೆ ಹಿಡಿದರಾಯಿತು. ಮೊಝಾರ್ಟ್ 1791ರಲ್ಲಿ ರಚಿಸಿದ 46 ಆವರ್ತಗಳ 'ಆವೆ ವೆರುಂ ಕೊರ್ಪುಸ್' ಮೂಲದಲ್ಲಿ ತಂತಿವಾದ್ಯಗಳಿಗೂ ಆರ್ಗನ್ನಿಗೂ ಬರೆದದ್ದು. ಅದರ ಪಿಯಾನೋ ಪ್ರತಿಯಿಂದ ಆರ್ಗನ್ನಿಗೆ ಮರಳುವುದೆಂದರೆ ತವರಿಗೆ ಮರಳಿದಂತೆ.

ಸ್ವರ ಬಿಡುವುದು ರಚನಕಾರನಿಗೆ ಮಾಡುವ ಅಪಚಾರವೆಂದು ಆ ಯುವಕ ವಾದಿಸಿದ. ಆತನ ಶ್ರದ್ಧೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಸೆಸಾರ್ ಫ್ರಾಂಕನನ್ನು ನೋಡಬೇಕು. ಸಂತ ತೋಮಾಸ್ ಅಕ್ವಿನಾಸರ 'ಪಾನಿಸ್ ಆಂಜೆಲಿಕುಸ್' ಸಾಹಿತ್ಯಕ್ಕೆ 1872ರಲ್ಲಿ ರಾಗ ಸಂಯೋಜಿಸಿದಾಗ ಆತ ಪ್ಯಾರಿಸಿನ ಸಾಂತ್ ಕ್ಲೊತಿಲ್ದ್ ದೇವಾಲಯದ ಆರ್ಗನ್ ವಾದಕ. ಬೇಕೆಂದಿದ್ದರೆ ಇಡೀ ಪಕ್ಕವಾದ್ಯವನ್ನು ತನ್ನ ವಾದ್ಯಕ್ಕೇ ಬರೆದುಕೊಳ್ಳಬಹುದಿತ್ತು. ಆತ ಆರ್ಗನ್ನಿನ ಜೊತೆಗೆ ಹಾರ್ಪ್, ಚೆಲ್ಲೋ, ಡಬಲ್ ಬಾಸ್‌ಗಳನ್ನು ಸೇರಿಸಿದ. ಮೀಟಿ ಮರೆಯಾಗುವ ನಾದ ಬೇಕೆಂದಾಗ ಹಾರ್ಪನ್ನೇ ಕರೆತಂದನಲ್ಲದೆ ಆರ್ಗನ್ನನ್ನು ಹಾರ್ಪಾಗುವಂತೆ ಪೀಡಿಸಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಕೊಳವೆಗಳ ಆರ್ಗನ್ ಅಪರೂಪ. ಇರುವುದು ಎಲೆಕ್ಟ್ರಾನಿಕ್ ಕೀಬೋರ್ಡು, ಇಲ್ಲವೇ ಹಾರ್ಮೋನಿಯಂ. ಪಿಯಾನೋದ 88 ಕೀಲಿಗಳೆಲ್ಲಿ, ಸಾಮಾನ್ಯ ಕೀಬೋರ್ಡಿನ 61 ಎಲ್ಲಿ! ಕಾಲಿನ ಪೆಡಲಿಲ್ಲದಿದ್ದರೆ ಮಂದ್ರ ಸ್ವರವನ್ನು ಎಡಗೈಯ ಕಿರುಬೆರಳು ಹೊರಬೇಕು. ಹಾರ್ಮೋನಿಯಮ್ಮಿನ ಕಥೆ ಇನ್ನೂ ಸರಳ: ಎಡಗೈ ತಿದಿಯೊತ್ತುತ್ತದೆ, ಉಳಿದ ಒಂದು ಕೈಯಲ್ಲಿ ಮೂರು ಸ್ವರ ಹಿಡಿದರೆ ಅದೇ ಹೆಚ್ಚು. ಆ ಮೂರನ್ನು ಆರಿಸಲು ಬಲ್ಲವರು ಉಳಿದುದನ್ನೆಲ್ಲ ಬಲ್ಲವರು.

ಮುಂದಿನ ಶನಿವಾರ ಸಂಜೆ ಯುವಕನೊಡನೆ ಕೀಬೋರ್ಡಿನ ಮುಂದೆ ಕುಳಿತಾಗ ಮೊದಲು ಕಂಡದ್ದು ಆತನ ಬಲಗಾಲು. ಅಭ್ಯಾಸಬಲದಿಂದ ಅದು ಸಸ್ಟೇನ್ ಪೆಡಲನ್ನು ತುಳಿದೇ ಇತ್ತು. ಪಿಯಾನೋ ಧ್ವನಿಯಲ್ಲಿ ಕರಗುವ ಸ್ವರಗಳು ಆರ್ಗನ್ ಧ್ವನಿಯಲ್ಲಿ ಕರಗದೆ ಒಂದರ ಮೇಲೊಂದು ಪೇರಿಕೊಂಡು, ಹಾಡುವವರ ಪದಗಳನ್ನೆಲ್ಲ ಮುಚ್ಚಿದ್ದವು. ಪೆಡಲಿನ ತಂತಿಯನ್ನು ಕಿತ್ತು ಬದಿಗಿಟ್ಟೆವು. ಬಳಿಕ ಪೆನ್ಸಿಲ್ ಹಿಡಿದು, ಬಿಡಬೇಕಾದ ಸ್ವರಗಳಿಗೆ ಸಣ್ಣ ಗೀಟು, ಹಾಡುವವರು ಉಸಿರೆಳೆದುಕೊಳ್ಳುವ ಕಡೆ ಕೈಯೆತ್ತಲು ಒಂದು ಅಲ್ಪವಿರಾಮ ಹಾಕುತ್ತಾ ಹೋದೆವು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪೆನ್ಸಿಲನ್ನು ಆತನೇ ಕೇಳಿ ಪಡೆದುಕೊಂಡ.