ಬಿಡುವ ಮನಸ್ಸೊಂದಿದ್ದರೆ ಸಾಕು

ಸಂಜೆ ಏಳರ ಸುಮಾರಿಗೆ ಚರ್ಚಿನ ಹಿಂದಿನ ಕೊಠಡಿಯಲ್ಲೋ ಶಾಲೆಯ ಖಾಲಿ ತರಗತಿಯಲ್ಲೋ ಹತ್ತು ಹನ್ನೆರಡು ಮಂದಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಬ್ಬರು ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಮಾತು ಶುರು ಮಾಡುತ್ತಾರೆ. ಸಂಬಳ ಮನೆ ಮುಟ್ಟದ ತಿಂಗಳುಗಳು, ಮಗಳ ಶಾಲೆಯ ಕಾರ್ಯಕ್ರಮಕ್ಕೆ ತೂರಾಡುತ್ತ ಹೋದದ್ದು, ಇವತ್ತು ಮಧ್ಯಾಹ್ನ ಬಾರ್ ಮುಂದೆ ಹಾದು ಬರುವಾಗ ಕಾಲು ಎಳೆದದ್ದು, ಎಲ್ಲವೂ ಹೊರಬರುತ್ತದೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅವರದು ಮುಗಿದರೆ ಮತ್ತೊಬ್ಬರ ಸರದಿ. ಇದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. ಹೋಗಿಬರುವವರ ಬಾಯಲ್ಲಿ ‘ಎ.ಎ. ಮೀಟಿಂಗ್’.

ಇದು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ನ್ಯೂಯಾರ್ಕಿನ ಷೇರುಪೇಟೆಯಲ್ಲಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಆಗಷ್ಟೇ ಕೆಲವು ತಿಂಗಳಾಗಿತ್ತು. ವ್ಯವಹಾರಕ್ಕೆಂದು ಆಕ್ರನ್‌ಗೆ ಬಂದರೆ ಅದು ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಹಿಡಿದರು. ಮಾತನಾಡಲು ತನ್ನಂಥದೇ ಒಬ್ಬ ಕುಡುಕ ಬೇಕೆಂದು ಊರಿನ ಪಾದ್ರಿಗಳನ್ನು ಕೇಳಿದರು. ಹೀಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು.

ಕುಡಿತ ಬಿಟ್ಟ ಬಾಬ್ ಆಮೇಲೂ ಒಮ್ಮೆ ಜಾರಿದರು. ಅದರ ಬೆನ್ನಿಗೇ ಅವರು ಮಾಡಬೇಕಾದ ಒಂದು ಶಸ್ತ್ರಚಿಕಿತ್ಸೆಯಿತ್ತು. ಕೈ ನಡುಗದಿರಲೆಂದು ಆ ಬೆಳಿಗ್ಗೆ ಬಿಲ್ ಅವರೇ ಒಂದು ಬಿಯರ್ ಕೊಟ್ಟರು. ಡಾಕ್ಟರು ಮುಂದೆಂದೂ ಕುಡಿಯಲಿಲ್ಲ. ಆ ದಿನವನ್ನೇ, ಅಂದರೆ ಜೂನ್ 10ನ್ನು, ಸಂಸ್ಥೆ ತನ್ನ ಹುಟ್ಟುದಿನವೆಂದು ಎಣಿಸುತ್ತದೆ. ಇನ್ನೊಬ್ಬ ಕುಡುಕನ ಜೊತೆ ಕೂತು ಮಾತನಾಡಿದರೆ ತಾನೂ ಉಳಿಯುತ್ತೇನೆ ಎಂಬ ಬಿಲ್ ಅವರ ಲೆಕ್ಕದ ಮೇಲೆಯೇ ಇವತ್ತಿಗೂ ಸಭೆ ನಡೆಯುತ್ತದೆ.

1938ರಲ್ಲಿ ಹಣಕ್ಕಾಗಿ ಅಮೆರಿಕದ ಸಿರಿವಂತ ರಾಕ್‌ಫೆಲರ್ ಅವರ ಬಾಗಿಲು ತಟ್ಟಿದಾಗ, ಹೆಚ್ಚು ದುಡ್ಡು ಈ ಕೆಲಸವನ್ನೇ ಕೆಡಿಸುತ್ತದೆಂದು ಅವರು ಕೊಟ್ಟದ್ದು 5,000 ಡಾಲರ್ ಮಾತ್ರ. ಆ ಮಾತು ನಾಟಿತು. ಈಗಲೂ ಸದಸ್ಯತ್ವ ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಬಾಡಿಗೆ, ಚಹಾದ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಅಡ್ರೆಸ್, ಆಧಾರ್, ಜಾತಿ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೇ ಪ್ರವೇಶದ ಅರ್ಹತೆ. ಕುಡಿತದಿಂದ ಹೊರಬರಲು ಸದಸ್ಯರು ಅನುಸರಿಸುವ, 1939ರ ಪುಸ್ತಕದಲ್ಲಿ ಬಂದ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪವಿದೆ ನಿಜ. ಆದರೆ ಆ ದೇವರನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದು ಅವರವರಿಗೆ ಬಿಟ್ಟದ್ದು.

ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಆನ್‌ಲೈನ್ ಸಭೆಗಳೂ ಇವೆ. ಮನೆಯಿಂದ ಹೊರಗೆ ಬಂದು ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳಿಗೆ ಇವು ಅನುಕೂಲ. ಎಲ್ಲಿ, ಯಾವ ಹೊತ್ತಿಗೆ, ಯಾವ ಭಾಷೆಯಲ್ಲಿ ಎಂಬುದನ್ನು ಸಂಸ್ಥೆಯ ಜಾಲತಾಣದಲ್ಲೋ ಹತ್ತಿರದ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲೋ ಕೇಳಬಹುದು. ‘ಓಪನ್’ ಸಭೆಗೆ ಮನೆಯವರು, ಗೆಳೆಯರೂ ಬರಬಹುದು. ‘ಕ್ಲೋಸ್ಡ್’ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮೊದಲ ದಿನ ಮಾತನಾಡಲೇಬೇಕೆಂದಿಲ್ಲ, ಸುಮ್ಮನೆ ಕೂತು ಕೇಳಿದರೂ ಆಯಿತು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬೇಕು. ನಾಲ್ಕಾರು ಸಭೆಯಾಗುವ ಮೊದಲೇ ‘ಇದು ನನಗಲ್ಲ’ ಎನ್ನುವುದು ಅವಸರದ ತೀರ್ಪು. ಮುಖ ಪರಿಚಯವಾದ ಮೇಲೆ ಹಳಬರೊಬ್ಬರನ್ನು ‘ಸ್ಪಾನ್ಸರ್’ ಆಗಿ ಕೇಳಿಕೊಳ್ಳುತ್ತಾರೆ. ಕುಡಿಯಬೇಕೆನಿಸಿದಾಗ ಮೊದಲ ಫೋನ್ ಹೋಗುವುದು ಅವರಿಗೆ.

ಕುಡಿಯುವವರ ಮನೆಯವರಿಗೆಂದೇ ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕಟ್ಟಿದ್ದು ಅಲ್-ಅನಾನ್. ಗಂಡ ಬಿಡಲಿ, ಬಿಡದಿರಲಿ, ಹೆಂಡತಿ ಅಲ್ಲಿಗೆ ಹೋಗಬಹುದು.

ಇದೇ ಬಗೆಯ ಒತ್ತಾಸೆ ನಮ್ಮ ಹಳ್ಳಿಗಳಲ್ಲೂ ಬೇರೆ ರೂಪದಲ್ಲಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ತಮ್ಮೂರಿನಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಸೇರುತ್ತಾರೆ. ಕುಡಿಯದೆ ನೂರು ದಿನ ಕಳೆದರೆ ಶತದಿನೋತ್ಸವ. ಅಲ್ಲಿ ಮನೆಮಂದಿ, ಊರವರ ಎದುರು ಹೆಸರು ಹೇಳಿಯೇ ಸಂಭ್ರಮ, ಎ.ಎ.ಯಲ್ಲಿ ಹೆಸರಿನ ಗುಟ್ಟೇ ರಕ್ಷಣೆ. ದಾರಿ ಎರಡಾದರೂ ಬಿಟ್ಟವನನ್ನು ಒಂಟಿಯಾಗಿ ಬಿಡಬಾರದೆಂಬ ತಿಳಿವಳಿಕೆ ಒಂದೇ.

ಎ.ಎ.ಯಿಂದ ಪ್ರಯೋಜನವಿದೆಯೇ? ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ತೂಗಿ ನೋಡಿದ 2020ರ ವಿಮರ್ಶೆ ಇದೆ ಎನ್ನುತ್ತದೆ. ವ್ಯಸನಿಗಳನ್ನು ಎ.ಎ.ಗೆ ಹಚ್ಚುವ ವ್ಯವಸ್ಥಿತ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಆಪ್ತಸಮಾಲೋಚನೆಗಳಿಗಿಂತ ಮೇಲಾಗಿ ಕಂಡಿತು. ಹಾಗೆಂದು ಸಭೆಗೆ ಹೋದವರೆಲ್ಲ ಬಿಟ್ಟೇಬಿಡುತ್ತಾರೆಂದಲ್ಲ. ಜಾರಿದವರನ್ನು ಯಾರೂ ಹೊರಗೆ ಹಾಕುವುದೂ ಇಲ್ಲ.

ಒಂದು ಎಚ್ಚರ: ವರ್ಷಗಟ್ಟಲೆ ದಿನವೂ ಕುಡಿದವರು ಯಾರನ್ನೂ ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಮೊದಲು ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 14446ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಕರೆ ಉಚಿತ.